ಹೊಲಿಗೆ ಯಂತ್ರದ ಎಣ್ಣೆ ಮತ್ತು ನಮ್ಮವರ ಎಡಗೈ

ನಮ್ಮ ಮನೆಯಲ್ಲಿ ಒಂದೊಂದು ಎಣ್ಣೆಗೂ ಅದರದರ ಜಾಗ ಗೊತ್ತು ಮಾಡಿಟ್ಟಿದ್ದೇನೆ. ಒಗ್ಗರಣೆ ಎಣ್ಣೆ ಒಲೆಯ ಬಲಗಡೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಚ್ಚಲ ಗೂಡಿನಲ್ಲಿ, ದೀಪದ ಎಣ್ಣೆ ದೇವರ ಪೀಠದ ಕೆಳಗೆ. ನಾಲ್ಕನೆಯದು ಹೊಲಿಗೆ ಯಂತ್ರದ ಎಣ್ಣೆ. ಉದ್ದ ಮೂತಿಯ ಪುಟ್ಟ ಡಬ್ಬಿ, ಬಾಬಿನ್ನುಗಳ ಜೊತೆ ಯಂತ್ರದ ಡ್ರಾಯರಿನಲ್ಲೇ ಇರುತ್ತದೆ. ಈ ನಾಲ್ಕನೆಯ ಎಣ್ಣೆಯನ್ನು ನಾನು ನಮ್ಮವರ ಬೈಕಿಗೂ ಬಿಡುತ್ತೇನೆ ಎಂದರೆ ನಗಬೇಡಿ. ಇಂಜಿನ್ನಿಗಲ್ಲ, ಚೈನಿಗಲ್ಲ. ಕ್ಲಚ್ ಕೇಬಲ್ಲಿಗೆ!

ಅಡುಗೆ, ಕಸೂತಿ, ಮಗುವಿನ ಹಲ್ಲು ಇವುಗಳ ಮಧ್ಯೆ ಕ್ಲಚ್ ಕೇಬಲ್ಲಿಗೇನು ಕೆಲಸ ಎಂದು ಕೇಳುವ ಸೋದರಿಯರಿಗೆ ನಾನು ಹೇಳುವುದಿಷ್ಟೆ: ನಮ್ಮಂಥ ಎಷ್ಟೋ ಮನೆಗಳ ಅನ್ನ ಆ ಒಂದು ತಂತಿಯ ಮೇಲೆ ನಿಂತಿದೆ. ಹಾಲು ಹಾಕುವವರು, ಪೇಪರು ಹಂಚುವವರು, ಕೊರಿಯರ್ ತರುವ ಹುಡುಗರು, ಎಲ್ಲರದೂ ಎಡಗೈಯೇ ತಾನೆ ಕ್ಲಚ್ಚು ಹಿಡಿಯುವುದು?

ನಮ್ಮವರದು ಪಿಗ್ಮಿ ಸಂಗ್ರಹದ ಕೆಲಸ. ದಿನವೂ ಅಂಗಡಿ ಅಂಗಡಿಗೆ ಹೋಗಿ ಹತ್ತೋ ಐವತ್ತೋ ನೂರೋ ರೂಪಾಯಿ ಪಡೆದು ಸಹಕಾರ ಸಂಘಕ್ಕೆ ಜಮಾ ಮಾಡುವುದು. ಈ ಪಿಗ್ಮಿ ನಮ್ಮ ಕರಾವಳಿಯ ಕೂಸು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ಇದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಕಟ್ಟಿಸಿಕೊಳ್ಳುತ್ತಿದ್ದರಂತೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮೂರುಗಳಲ್ಲಿ ಇನ್ನೂ ಓಡಾಡುತ್ತಿದೆ. ಇದರಲ್ಲಿ ಸಂಬಳ ಎಂಬುದಿಲ್ಲ, ಕಮಿಷನ್ನು. ಹೋದ ದಿನ ಉಂಟು, ಹೋಗದ ದಿನ ಇಲ್ಲ.

ಲೆಕ್ಕ ಹಾಕಿ ನೋಡಿ. ಸಾಗರದ ಪೇಟೆಯಲ್ಲಿ ದಿನಕ್ಕೆ 80 ಅಂಗಡಿ. ನಿಲ್ಲಿಸುವಾಗ, ಹೊರಡುವಾಗ, ಗೇರು ಬದಲಿಸುವಾಗ ಎಂದು ಅಂಗಡಿಗೆ ಐದು ಸಲವಾದರೂ ಎಡಗೈ ಕ್ಲಚ್ಚು ಹಿಂಡಬೇಕು. 400 ಸಲವಾಯಿತು! ನಾವು ದಿನಕ್ಕೆ 400 ಸಲ ಒದ್ದೆ ಬೆಡ್‌ಶೀಟು ಹಿಂಡಿದರೆ ಕೈ ಏನಾದೀತು?

2022ರ ಮಳೆಗಾಲದಲ್ಲಿ ಇವರು ರಾತ್ರಿ ಎರಡು ಗಂಟೆ, ಮೂರು ಗಂಟೆಗೆ ಎದ್ದು ಕೂತು ಎಡಗೈ ಕೊಡವಲು ಶುರು ಮಾಡಿದರು. "ಏನ್ರೀ?" ಎಂದರೆ "ಏನಿಲ್ಲ, ಜೋಮು ಹಿಡಿದಿದೆ, ಮಲಗು" ಎನ್ನುವರು. ನಾಲ್ಕು ದಿನ, ಎಂಟು ದಿನ. ಒಂದು ಬೆಳಿಗ್ಗೆ ಕಾಫಿ ಲೋಟ ಕೈಜಾರಿ ನೆಲಕ್ಕೆ ಬಿತ್ತು. ಎಡಗೈ ಜೋಮು ಎಂದರೆ ಯಾವ ಹೆಂಡತಿಯ ಎದೆ ಧಸಕ್ಕೆನ್ನುವುದಿಲ್ಲ ಹೇಳಿ? ಮಾವನವರು ಹೋದದ್ದೂ ಹೃದಯದ ಕಾಯಿಲೆಯಿಂದಲೇ. ಅವತ್ತೇ ಹೊರಡಿಸಿಕೊಂಡು ಹೋದೆ. ಇಸಿಜಿ ತೆಗೆದರು, ರಕ್ತ ನೋಡಿದರು. ಹೃದಯ ಚೆನ್ನಾಗಿತ್ತು, ನನ್ನದೇ ನಿಂತುಹೋಗುವುದರಲ್ಲಿತ್ತು.

ಡಾಕ್ಟರು ಆಮೇಲೆ ಒಂದೊಂದೇ ಬೆರಳು ಮುಟ್ಟಿ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದಂತಿದ್ದವು. ಉಂಗುರದ ಬೆರಳು ಅರ್ಧಕ್ಕರ್ಧ. ಕಿರುಬೆರಳಿಗೆ ಏನೂ ಆಗಿರಲಿಲ್ಲ. ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗದಂಥ ದಾರಿಯಿದೆಯಂತೆ, ಅದರೊಳಗೆ ಹೋಗುವ ನರ ಇಕ್ಕಟ್ಟಿಗೆ ಸಿಕ್ಕಿದರೆ ಹೀಗಾಗುತ್ತದಂತೆ. ರಾತ್ರಿ ಮಣಿಕಟ್ಟು ಮಡಿಚದಂತೆ ಪಟ್ಟಿ ಕಟ್ಟಿ ಮಲಗಬೇಕು, ಕೈಗೆ ವಿಶ್ರಾಂತಿ ಕೊಡಬೇಕು, ಕಡಿಮೆಯಾಗದಿದ್ದರೆ ನರದ ಪರೀಕ್ಷೆ, ಅಗತ್ಯ ಬಿದ್ದರೆ ಚಿಕ್ಕದೊಂದು ಆಪರೇಷನ್ನು ಎಂದರು. "ಎಡಗೈಯಲ್ಲಿ ಬಲ ಹಾಕಿ ಹಿಂಡುವ ಕೆಲಸ ಏನು ಮಾಡ್ತೀರಿ?" ಎಂದು ಕೇಳಿದ್ದಕ್ಕೆ ಇವರು "ಏನೂ ಇಲ್ಲ ಸಾರ್, ಬರೆಯೋದು ಬಲಗೈಲಿ" ಎಂದುಬಿಟ್ಟರು.

ಕೈಗೆ ವಿಶ್ರಾಂತಿ! ಹೇಳುವುದು ಸುಲಭ. ಆ ವರ್ಷ ಮಗಳಿಗೆ ಪಿಯುಸಿ, ಫೀಸಿನ ಎರಡನೇ ಕಂತು ಕಟ್ಟುವುದಿತ್ತು. ಒಂದು ತಿಂಗಳು ಇವರು ಹೋಗದಿದ್ದರೆ ಕಮಿಷನ್ನು ಹೋಗುವುದಷ್ಟೇ ಅಲ್ಲ, ಗಿರಾಕಿಗಳೂ ಬೇರೆಯವರ ಪಾಲಾಗುತ್ತಾರೆ.

ಮರುದಿನ ಇವರು ಹೊರಡುವಾಗ ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಕ್ಲಚ್ಚು ಹಿಡಿಯುವಾಗ ಹಲ್ಲು ಕಚ್ಚಿದರು. ದಿನಾ ಹೋಗುವ ಹೊತ್ತಿಗೆ ನಾನು ಒಳಗೆ ಒಗ್ಗರಣೆಯಲ್ಲಿರುತ್ತೇನೆ, ಆ ಮುಖ ನನಗೆ ಕಾಣುವುದೇ ಇಲ್ಲ. "ಸ್ವಲ್ಪ ಇಳೀರಿ" ಎಂದು ಇಂಜಿನ್ನು ನಿಲ್ಲಿಸಿ, ನಾನೇ ಆ ಲಿವರನ್ನು ಹಿಡಿದು ನೋಡಿದೆ. ದಿನಾ ಚಕ್ಕುಲಿ ಒರಳು ಒತ್ತಿದ ಕೈ ಇದು, ಆದರೂ ಎರಡು ಕೈ ಹಾಕಬೇಕಾಯಿತು. ಬಿಟ್ಟಾಗಲೂ ಪಟ್ಟನೆ ಹಿಂದಕ್ಕೆ ಹೋಗಲಿಲ್ಲ, ಕರಕರ ಎನ್ನುತ್ತಾ ತೆವಳಿತು. ಪಕ್ಕದ ಮನೆಯ ಮೇಷ್ಟ್ರದೂ ಅದೇ ಕಂಪನಿಯ ಅದೇ 100 ಸಿಸಿ ಬೈಕು. ಅವರ ಹೆಂಡತಿಯನ್ನು ಕೇಳಿ ಅದರ ಲಿವರ್ ಒತ್ತಿದೆ. ಎರಡು ಬೆರಳಿಗೆ ಬಂತು, ಬೆಣ್ಣೆಯ ಹಾಗೆ.

ಹಾಗಾದರೆ ಹಿಂಡುವ ಕೆಲಸ ಇದೇ ಅಲ್ಲವೆ? ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. "ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ, ಆದರೆ ಬಲ ಕಡಿಮೆ ಆದಷ್ಟೂ ಒಳ್ಳೇದು" ಎಂದರು. ನನಗಷ್ಟು ಸಾಕಿತ್ತು.

ಬೈಕನ್ನು ನಾಲ್ಕು ತಿಂಗಳಿಗೊಮ್ಮೆ ಸರ್ವಿಸಿಗೆ ಬಿಡುತ್ತಲೇ ಇದ್ದೆವು. ಹೊಳೆಯುವಂತೆ ತೊಳೆದು ಕೊಡುತ್ತಿದ್ದರು. ಚೀಟಿಯಲ್ಲಿ 'ಕೇಬಲ್ ಆಯಿಲಿಂಗ್' ಎಂಬ ಸಾಲೂ ಇರುತ್ತಿತ್ತು. ಕೇಬಲ್ಲಿನಲ್ಲಿ ಎಣ್ಣೆ ಮಾತ್ರ ಇರಲಿಲ್ಲ. ಇದು ನಮಗೆ ತಿಳಿದದ್ದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಹುಡುಗನಿಂದ. ಅವನು ಒಂದೇ ಸಲ ಲಿವರ್ ಒತ್ತಿ, "ಅಕ್ಕಾ, ವಯರು ಒಣಗಿ ಕೂತಿದೆ. ಅಣ್ಣ ಇಷ್ಟು ದಿನ ಹೆಂಗೆ ಓಡಿಸಿದ್ರೋ!" ಎಂದ. ಹೊಸದು ಹಾಕಿದರೂ ಇನ್ನೂರು ಮುನ್ನೂರು ರೂಪಾಯಿಯೊಳಗೆ ಮುಗಿಯುತ್ತಿತ್ತು. ಆದರೆ ಎಳೆ ಹರಿದಿಲ್ಲ, ಇದೇ ನಡೆಯುತ್ತದೆ, ಎಣ್ಣೆ ಕುಡಿಸಿದರಾಯಿತು ಎಂದು ಅವನೇ ಹೇಳಿದ. ಈ ಕಾಲದಲ್ಲೂ ಹೀಗೆ ಹೇಳುವವರಿದ್ದಾರೆ. ಅವನ ಕೈ ನೋಡುತ್ತ ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಇವರಿಗೆ ಮುಜುಗರ. "ನೀ ಮನೆಗೆ ಹೋಗು ಮಾರಾಯ್ತಿ, ಗ್ಯಾರೇಜಲ್ಲಿ ಹೆಂಗಸರಿಗೇನು" ಎಂದರು. ನಾನು ಏಳಲಿಲ್ಲ.

ಈ ಕೇಬಲ್ಲು ಎಂದರೆ ಏನು ಎಂಬುದನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಲಂಗದ ಸೊಂಟಪಟ್ಟಿಯೊಳಗೆ ಲಾಡಿ ಇರುತ್ತದಲ್ಲ, ಹಾಗೆ. ಹೊರಗಿನದು ಉಕ್ಕಿನ ತಂತಿಯನ್ನು ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೊಳವೆ. ಒಳಗಿನದು ಸಣ್ಣ ಸಣ್ಣ ಉಕ್ಕಿನ ಎಳೆಗಳನ್ನು ಹುರಿ ಮಾಡಿದ ತಂತಿ, ಜಡೆಯ ಹಾಗೆ. ಕೊಳವೆಯ ಎರಡೂ ತುದಿ ಭದ್ರವಾಗಿ ಒತ್ತಿ ಕೂತಿರುತ್ತವೆ, ಒಳಗಿನ ತಂತಿ ಮಾತ್ರ ಜಾರುತ್ತದೆ. ಇಲ್ಲಿ ಲಿವರ್ ಎಳೆದರೆ ಅಲ್ಲಿ ಇಂಜಿನ್ನಿನ ಪಕ್ಕದಲ್ಲಿ ಕ್ಲಚ್ಚು ಬಿಡುತ್ತದೆ. ಲಾಡಿ ಸಿಕ್ಕಿಕೊಂಡರೆ ಎಷ್ಟು ಎಳೆದರೂ ಬಾರದಲ್ಲ, ಇದೂ ಅದೇ ಕಥೆ. ಇಂಗ್ಲೆಂಡಿನ ಬೌಡನ್ ಎಂಬಾತ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಎಳೆಯುವ ಕೆಲಸಕ್ಕೆ ಸರಳುಗಳೇ ಗತಿ. ನಮ್ಮ ಅಪ್ಪನ ಕಾಲದ ಕರೀ ಸೈಕಲ್ಲಿನ ಬ್ರೇಕಿಗೆ ಹ್ಯಾಂಡಲ್ಲಿನಿಂದ ಚಕ್ರದವರೆಗೆ ಕಬ್ಬಿಣದ ಸರಳಿರುತ್ತಿತ್ತು, ನೆನಪಿದೆಯೆ? ಸರಳಿಗೆ ಮೂಲೆ ತಿರುಗಲು ಬಾರದು. ತಂತಿ ಹಾವಿನಂತೆ ತಿರುಗುತ್ತದೆ. ಆದರೆ ತಿರುಗಿದಲ್ಲೆಲ್ಲ ಉಜ್ಜುತ್ತದೆ, ತೊಂದರೆಯೂ ಅಲ್ಲಿಯೇ.

ನಮ್ಮ ಮಲೆನಾಡಿನ ಮಳೆಯಲ್ಲಿ ಈ ಕೊಳವೆಯ ಬಾಯಿ, ಅಂದರೆ ಲಿವರಿನ ಹತ್ತಿರದ ಮೇಲಿನ ತುದಿ, ತೆರೆದೇ ಇರುತ್ತದೆ. ರಬ್ಬರ್ ಟೊಪ್ಪಿಗೆ ಹರಿದಿದ್ದರಂತೂ ಮುಗಿಯಿತು. ಜೂನಿನಿಂದ ಸೆಪ್ಟೆಂಬರಿನ ತನಕ ನೀರು ತಂತಿಗುಂಟ ಒಳಗಿಳಿಯುತ್ತದೆ, ತುಕ್ಕು ಹಿಡಿಯುತ್ತದೆ. ಬೇಸಿಗೆಯ ಕೆಂಪು ಧೂಳು ಅದಕ್ಕೆ ಸೇರಿದರೆ ಪಾತ್ರೆ ಉಜ್ಜುವ ಪುಡಿಯ ಹಾಗೆ ಒಳಗೊಳಗೇ ಅರೆಯುತ್ತದೆ. ಬಿಗಿಯಾಗುವುದು ಒಂದೇ ದಿನದಲ್ಲಲ್ಲ, ದಿನಕ್ಕೊಂದು ಕೂದಲೆಳೆಯಷ್ಟು. ಓಡಿಸುವವರ ಕೈ ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ, ಆದ್ದರಿಂದಲೇ ಇವರಿಗೆ ತಿಳಿಯಲಿಲ್ಲ, ಹೊಸಬಳಾದ ನನ್ನ ಕೈಗೆ ತಟ್ಟನೆ ತಿಳಿಯಿತು. ನಿಮ್ಮ ಮನೆಯ ಬೈಕಿನ ಲಿವರನ್ನೂ ಒಮ್ಮೆ, ಇಂಜಿನ್ನು ನಿಂತಿರುವಾಗ, ಒತ್ತಿ ನೋಡಿ.

ಈಗ ಕೆಲಸಕ್ಕೆ ಬರೋಣ. ಇಂಜಿನ್ನು ಪೂರ್ತಿ ತಣ್ಣಗಾಗಿರಬೇಕು, ಬೈಕು ನಡುಸ್ಟ್ಯಾಂಡಿನ ಮೇಲಿರಬೇಕು. ಮೊದಲು ಇಂಜಿನ್ನಿನ ಹತ್ತಿರ ಕೆಳಗಿರುವ ನಟ್ಟುಗಳನ್ನು ಸಡಿಲಿಸಿ ಕೇಬಲ್ಲಿಗೆ ಸ್ವಲ್ಪ ಸಡಿಲ ಕೊಡಿ. ಲಿವರಿನ ಹತ್ತಿರ ತಿರುಪಿನಂಥ ಅಡ್ಜಸ್ಟರ್ ಇರುವ ಬೈಕಾದರೆ ಅದನ್ನೂ ಪೂರ್ತಿ ಒಳಕ್ಕೆ ತಿರುಗಿಸಿ, ಅದರ ಸೀಳು, ನಟ್ಟಿನ ಸೀಳು, ಲಿವರಿನ ಸೀಳು ಮೂರೂ ಒಂದೇ ಸಾಲಿಗೆ ಬರುವಂತೆ ನಿಲ್ಲಿಸಿ. ಆಗ ತಂತಿ ಆ ಸೀಳಿನಿಂದ ಹೊರಬರುತ್ತದೆ, ತುದಿಯ ಗುಂಡನ್ನು ಲಿವರಿನಿಂದ ಕೆಳಕ್ಕೆ ಜಾರಿಸಿ ತೆಗೆಯಬಹುದು. ಬಲ ಹಾಕುವ ಅಗತ್ಯವಿಲ್ಲ. ಬರದಿದ್ದರೆ ಸಡಿಲ ಸಾಲದು ಎಂದರ್ಥ.

ಹೊರಬಂದ ತುದಿಯನ್ನು ಮೇಲ್ಮುಖವಾಗಿ ಹ್ಯಾಂಡಲ್ಲಿಗೆ ಕಟ್ಟಿ. ಒಳಕ್ಕೆ ಎಣ್ಣೆ ಹೋಗುವುದು ಹೇಗೆ? ಗ್ಯಾರೇಜಿನ ಹುಡುಗ ಬಾಯಲ್ಲಿ ಡಬ್ಬಿಯ ಮೂತಿ ಹಿಡಿದು ಏನೋ ಸರ್ಕಸ್ಸು ಮಾಡುತ್ತಿದ್ದ. ನಾನು ಮನೆಯಲ್ಲಿ ಕಂಡುಕೊಂಡದ್ದು ಮೆಹಂದಿ ಕೋನಿನ ಉಪಾಯ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆಯನ್ನು ಚೂರೇ ಚೂರು ಕತ್ತರಿಸಿ, ಆ ತೂತಿನಿಂದ ಕೊಳವೆಯ ಬಾಯಿ ಪ್ಯಾಕೆಟ್ಟಿನೊಳಕ್ಕೆ ಒಂದಂಗುಲ ಬರುವಂತೆ ಮಾಡಿ, ಹೊರಗಿನಿಂದ ಜಡೆಯ ರಬ್ಬರ್ ಬ್ಯಾಂಡಿನಲ್ಲಿ ಬಿಗಿಯಾಗಿ ಸುತ್ತಿ. ಆಲಿಕೆ ತಯಾರಾಯಿತು. ಅದಕ್ಕೆ ಎರಡು ಚಮಚ ತೆಳ್ಳನೆಯ ಎಣ್ಣೆ ಹಾಕಿ, ತಂತಿಯನ್ನು ಮೇಲೆ ಕೆಳಗೆ ಮೆಲ್ಲಗೆ ಆಡಿಸುತ್ತಿರಿ. ನಂತರ ಹಾಗೆಯೇ ರಾತ್ರಿಯೆಲ್ಲ ಬಿಡಿ. ಕೆಳತುದಿಯ ಕೆಳಗೆ ಹಳೇ ಪೇಪರು ಹಾಸಲು ಮರೆಯಬೇಡಿ, ಅಂಗಳ ಸಾರಿಸುವವರು ನಾವೇ ತಾನೆ.

ನಮ್ಮದರಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಪೇಪರಿನ ಮೇಲೆ ಕಷಾಯದಂಥ ಕಂದು ನೀರು! ತುಕ್ಕು, ಮಣ್ಣು, ಎರಡು ಮಳೆಗಾಲದ ಕೊಳೆ. ಇನ್ನೊಂದು ಚಮಚ, ಮತ್ತೊಂದು ಚಮಚ ಹಾಕಿ, ಇಳಿಯುವ ಎಣ್ಣೆ ತಿಳಿಯಾಗುವವರೆಗೂ ಬಿಟ್ಟೆ.

ಯಾವ ಎಣ್ಣೆ ಎಂದು ಪಕ್ಕದ ಮನೆಯವರು ಕೇಳಿದರು. ಹೊಲಿಗೆ ಯಂತ್ರದ ಎಣ್ಣೆಯೇ ಆಗುತ್ತದೆ, ಇಲ್ಲವಾದರೆ ಹೊಸ ಇಂಜಿನ್ ಆಯಿಲ್. ಅಡುಗೆ ಎಣ್ಣೆ ಮಾತ್ರ ಬೇಡವೇ ಬೇಡ. ಒಲೆಯ ಪಕ್ಕದ ಎಣ್ಣೆ ಬಾಟಲಿಯ ಹೊರಮೈ ಎಷ್ಟು ಅಂಟಂಟಾಗುತ್ತದೆ ಎಂದು ನಮಗೆ ಗೊತ್ತಿಲ್ಲವೆ? ಗಾಳಿಗೆ ಅದು ಅಂಟಾಗಿ ಗಟ್ಟಿಯಾಗುತ್ತದೆ, ಕೇಬಲ್ಲಿನಲ್ಲೂ ಅದೇ ಗತಿ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಷ್ಯಮಾಸದ ಬೆಳಿಗ್ಗೆ ಕ್ಲಚ್ಚು ಹಿಡಿಯುವ ಮೊದಲು ಬೈಕನ್ನು ಬಿಸಿಲಿಗಿಡಬೇಕಾದೀತು! ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಬೂದಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಆ ದಪ್ಪ ಅಚ್ಚಿಗೆ ಸರಿ, ಈ ಸಣ್ಣ ಕೊಳವೆಗಲ್ಲ. ದಪ್ಪ ಗ್ರೀಸೂ ಒಳಕ್ಕೆ ಬೇಡ, ಧೂಳು ಕೂಡಿಸಿಕೊಂಡು ಕಟ್ಟಿಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ತೊಳೆಯಲು ಒಳ್ಳೆಯದು, ಆದರೆ ಬೇಗ ಆರಿಹೋಗುತ್ತದೆ. ಅದಾದ ಮೇಲೂ ಎಣ್ಣೆ ಬೇಕು. ಇನ್ನೊಂದು ಮಾತು, ಕೆಲವು ಕೇಬಲ್ಲುಗಳ ಒಳಗೆ ನೈಲಾನಿನ ಅಸ್ತರಿ ಇರುತ್ತದೆ. ಅಂಥದಕ್ಕೆ ಎಣ್ಣೆ ಬೇಕೋ ಬೇಡವೋ ಎಂಬುದನ್ನು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಮೊದಲು ನೋಡಿ. ಆ ಪುಸ್ತಕ ಬಹಳ ಮನೆಗಳಲ್ಲಿ ಆರ್‌ಸಿ, ಇನ್ಶೂರೆನ್ಸಿನ ಜೊತೆ ಬೀರುವಿನಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದೆ ಇರುತ್ತದೆ.

ಗ್ರೀಸಿಗೂ ಕೆಲಸವಿದೆ. ತಂತಿಯ ತುದಿಯ ಗುಂಡಿಗೆ, ಅದು ಕೂರುವ ಗುಳಿಗೆ, ಲಿವರ್ ತಿರುಗುವ ಬೋಲ್ಟಿಗೆ ಕಾಡಿಗೆ ಹಚ್ಚುವಷ್ಟು. ಗುಂಡು ಅದರ ಗುಳಿಯಲ್ಲಿ ಸುಲಭವಾಗಿ ತಿರುಗದಿದ್ದರೆ ಪ್ರತಿ ಸಲ ಹಿಂಡಿದಾಗಲೂ ತಂತಿಯೇ ಬಾಗುತ್ತದೆ, ಬಾಗಿ ಬಾಗಿ ಅಲ್ಲಿಯೇ ಎಳೆ ಕಡಿಯುತ್ತದೆ. ಕೇಬಲ್ಲುಗಳು ಹೆಚ್ಚಾಗಿ ಕತ್ತು ಮುರಿದುಕೊಳ್ಳುವುದು ಈ ಗುಂಡಿನ ಬುಡದಲ್ಲೇ. ಎಣ್ಣೆ ಹಾಕುವ ಮುಂಚೆ ಅಲ್ಲಿ ಕಣ್ಣಿಟ್ಟು ನೋಡಿ. ಒಂದೇ ಒಂದು ಎಳೆ ಮುಳ್ಳಿನಂತೆ ಎದ್ದಿದ್ದರೂ ಎಣ್ಣೆಯ ಮಾತು ಬಿಟ್ಟು ಹೊಸ ಕೇಬಲ್ಲು ತನ್ನಿ. ಹರಿದ ಸೀರೆಗೆ ಇಸ್ತ್ರಿ ಮಾಡಿ ಏನು ಫಲ?

ಮತ್ತೆ ಜೋಡಿಸಿದ ಮೇಲೆ ಲಿವರಿಗೆ ಸ್ವಲ್ಪ ಸಡಿಲವಿರಬೇಕು. ಕ್ಲಚ್ಚು ಹಿಡಿಯುವ ಮೊದಲು ಲಿವರಿನ ತುದಿ ಸುಮ್ಮನೆ ಆಡುವ ಅಂತರ, ನಮ್ಮ ಬೈಕಿಗೆ 10ರಿಂದ 20 ಮಿಲಿಮೀಟರ್. ನಿಮ್ಮದಕ್ಕೆ ಎಷ್ಟೆಂದು ಅದೇ ಪುಸ್ತಕದಲ್ಲಿರುತ್ತದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ಚು ಅರ್ಧ ಹಿಡಿದಂತೆಯೇ ಇದ್ದು ಜಾರುತ್ತದೆ, ಇಂಜಿನ್ನು ಕೂಗುತ್ತದೆ, ಬೈಕು ಓಡುವುದಿಲ್ಲ, ಪ್ಲೇಟುಗಳು ಸವೆಯುತ್ತವೆ, ಪೆಟ್ರೋಲು ಸುಮ್ಮನೆ ಸುಡುತ್ತದೆ. ಅತಿಯಾದರೆ ಕ್ಲಚ್ಚು ಪೂರ್ತಿ ಬಿಡದೆ ಗೇರು ಕಟಕ್ಕೆಂದು ಬೀಳುತ್ತದೆ, ನ್ಯೂಟ್ರಲ್ ಸಿಕ್ಕುವುದಿಲ್ಲ. ಕೊನೆಗೆ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ; ಆ ಸಡಿಲ ಬದಲಾಗಬಾರದು. ಬದಲಾದರೆ ಕೇಬಲ್ಲು ಎಲ್ಲೋ ಸಿಕ್ಕಿಕೊಂಡಿದೆ.

ಮೊದಲ ಸಲ ನಾನು ಇದನ್ನು ಅಂಗಳದಲ್ಲಿ ಮಾಡಿದಾಗ ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬ ಹಿರಿಯರು "ಏನಮ್ಮಾ, ಯಜಮಾನ್ರು ಊರಲ್ಲಿಲ್ವಾ?" ಎಂದು ಕೇಳಿಯೇಬಿಟ್ಟರು. ಇವರು ಒಳಗೆ ಪಟ್ಟಿ ಕಟ್ಟಿದ ಕೈಯಿಟ್ಟುಕೊಂಡು ಪೇಪರು ಓದುವ ನಾಟಕ ಆಡುತ್ತಿದ್ದರು. ಅವರಿಗೆ ನೋವಾದದ್ದು ಮಣಿಕಟ್ಟಿಗಿಂತ ಹೆಚ್ಚಾಗಿ ಅಲ್ಲಿ ಎಂದು ನನಗೆ ಗೊತ್ತು. ಬೈಕು ಅವರ ರಾಜ್ಯ. ಮಾವನವರ ಕಾಲದಲ್ಲಿ ಮನೆಯಲ್ಲಿ ಮೈಸೂರಿನ ಜಾವಾ ಇತ್ತಂತೆ, ಯಾದವಗಿರಿಯ ಕಾರ್ಖಾನೆಯದು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರಲ್ಲಿ ಗೇರಿನ ಪೆಡಲ್ಲು ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತಿತ್ತು, ಕೈಗೆ ಕೆಲಸ ಕಡಿಮೆ ಎಂದು ಇವರು ಈಗಲೂ ಅದರ ಗುಣಗಾನ ಮಾಡುತ್ತಾರೆ. ಅಂಥ ಮನೆಯಲ್ಲಿ ಹೆಂಡತಿ ಸ್ಪ್ಯಾನರ್ ಹಿಡಿಯುವುದೆಂದರೆ!

ಜೋಡಿಸಿ ಆದ ಮೇಲೆ "ಬನ್ನಿ, ಒತ್ತಿ ನೋಡಿ" ಎಂದು ಕರೆದೆ. ಬಂದರು. ಎರಡು ಬೆರಳು ಸಾಕಾಯಿತು. ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ. ಮಾತನಾಡಲಿಲ್ಲ. ಸಂಜೆ ಬರುವಾಗ ಮಾತ್ರ ಒಂದು ಮೊಳ ಮಲ್ಲಿಗೆ ತಂದಿದ್ದರು. ಮದುವೆಯಾಗಿ ಹತ್ತೊಂಬತ್ತು ವರ್ಷ, ಹಬ್ಬವಲ್ಲದ ದಿನ ಹೂ ಬಂದದ್ದು ನನ್ನ ಲೆಕ್ಕದಲ್ಲಿ ಅದು ಎರಡನೇ ಸಲ.

ಎಣ್ಣೆ ಹಾಕಿದೊಡನೆ ಕೈ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ರಾತ್ರಿಯ ಪಟ್ಟಿಯನ್ನು ಎರಡು ತಿಂಗಳು ತಪ್ಪದೆ ಕಟ್ಟಿದರು, ಸಂಜೆಯ ಹೊತ್ತು ದೂರದ ಹತ್ತು ಅಂಗಡಿಗಳನ್ನು ಬಿಟ್ಟರು. ನಿಧಾನವಾಗಿ ರಾತ್ರಿ ಏಳುವುದು ನಿಂತಿತು. ಆಪರೇಷನ್ ತನಕ ಹೋಗಲಿಲ್ಲ. ಈಗಲೂ ಚಳಿಗಾಲದ ಬೆಳಗಿನ ಜಾವ ತೋರುಬೆರಳು ಒಮ್ಮೊಮ್ಮೆ ಜುಮುಗುಡುತ್ತದಂತೆ. ಆದ್ದರಿಂದ ಸೋದರಿಯರೇ, ಮನೆಯಲ್ಲಿ ಯಾರಿಗಾದರೂ ಎಡಗೈ ಜೋಮು ಬಂದರೆ ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗ್ಯಾರೇಜಿಗಲ್ಲ. ಗ್ಯಾರೇಜು ಆಮೇಲಿನ ಮಾತು.

ಆಯುಧಪೂಜೆಗೆ ನಾವೆಲ್ಲ ಬೈಕು ತೊಳೆದು, ಹಾರ ಹಾಕಿ, ಕುಂಕುಮವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ನೀರು ಚೆನ್ನಾಗಿ ಎರಚಿ ತೊಳೆಯುವುದರಿಂದ ಕೇಬಲ್ಲಿನ ಬಾಯಿಗೆ ಮತ್ತಷ್ಟು ನೀರು ಇಳಿಯುತ್ತದೆ. ಅದಕ್ಕೆ ನಾನು ಆ ದಿನವನ್ನೇ ಹಿಡಿದಿದ್ದೇನೆ. ಮಳೆ ಶುರುವಾಗುವ ಮುಂಚೆ ಮೇ ಕೊನೆಗೆ ಒಂದು ಸಲ, ನವಮಿಯ ರಾತ್ರಿ ಒಂದು ಸಲ, ನಡುವೆ ಲಿವರ್ ಭಾರವೆನಿಸಿದರೆ ಇನ್ನೊಂದು ಸಲ.

ಆ ಹಳೆಯ ಕೇಬಲ್ಲು ಎರಡು ವರ್ಷ ಬಾಳಿತು. 2024ರ ದಸರೆಗೆ ಬಿಚ್ಚಿದಾಗ ಗುಂಡಿನ ಬುಡದಲ್ಲಿ ಎರಡು ಎಳೆ ಕಡಿದಿದ್ದವು, ಬದಲಿಸಿದೆವು. ಜೊತೆಗೆ ಇನ್ನೊಂದು ಹೊಸ ಕೇಬಲ್ಲನ್ನೂ ತಂದು, ಎಣ್ಣೆ ಕುಡಿಸಿ, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ, ಹಾಕಿದ ಕೇಬಲ್ಲಿನ ಪಕ್ಕದಲ್ಲೇ ಅದೇ ದಾರಿಯಲ್ಲಿ ಪಟ್ಟಿಗಳಿಂದ ಕಟ್ಟಿಟ್ಟಿದ್ದೇನೆ. ದಾರಿಯಲ್ಲಿ ಒಂದು ತುಂಡಾದರೆ ಟ್ಯಾಂಕು ಬಿಚ್ಚದೆ ಇನ್ನೊಂದರ ತುದಿಗಳನ್ನು ಸಿಕ್ಕಿಸಿಕೊಂಡು ಮನೆಗೆ ಬರಬಹುದು. ಇದು ದೂರದೂರ ಹೋಗುವ ಬೈಕಿನವರ ಉಪಾಯ, ಆ ಶೆಡ್ಡಿನ ಹುಡುಗನೇ ಹೇಳಿಕೊಟ್ಟದ್ದು. ಹಳೆಯ ಕೇಬಲ್ಲಿನ ಒಳತಂತಿಯನ್ನು ಎಳೆದು ತೆಗೆದು ಒರೆಸಿ ಹಿತ್ತಲಿನಲ್ಲಿ ತೊಂಡೆ ಚಪ್ಪರಕ್ಕೆ ಬಿಗಿದೆ. ಬಳ್ಳಿ ಹಬ್ಬಿದೆ, ವಾರಕ್ಕೆ ಎರಡು ಪಲ್ಯಕ್ಕಾಗುವಷ್ಟು ಕಾಯಿ ಬಿಡುತ್ತಿದೆ.